16ನೇ ಲೈನಿನ ಗಲಾಟೆ

ಮೊದಲು ಕೈಕೊಟ್ಟಿದ್ದು ಮೌಸು. ಕಂಪ್ಯೂಟರ್ ಆನ್ ಮಾಡಿದಾಗ ಎಲ್ಲ ಚೆನ್ನಾಗಿಯೇ ಇರುತ್ತಿತ್ತು. ಹಳೇ ಕ್ಯಾಸೆಟ್ಟುಗಳ ಧ್ವನಿಯನ್ನು ಫೈಲಿಗೆ ಇಳಿಸುವ ಕೆಲಸ ಶುರು ಮಾಡಿ ಒಂದಷ್ಟು ಹೊತ್ತು ಕಳೆದ ಮೇಲೆ, ಇದ್ದಕ್ಕಿದ್ದಂತೆ ಪರದೆಯ ಮೇಲಿನ ಬಾಣ ಕುಂಟತೊಡಗುತ್ತಿತ್ತು. ಸರಿದಾಡುವ ಬದಲು ಕುಪ್ಪಳಿಸುತ್ತಿತ್ತು. ಅದಕ್ಕೆ ಸ್ವಲ್ಪ ಮುಂಚೆ ಇಡೀ ಯಂತ್ರ ಒಂದೆರಡು ಕ್ಷಣ ನಿಂತೇ ಹೋಗುತ್ತಿತ್ತು. ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ.

ಯಂತ್ರದ ಬಗ್ಗೆ ಎರಡು ಮಾತು. ಅದೊಂದು ಹಳೇ ವರ್ಕ್‌ಸ್ಟೇಷನ್. ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ, ಭಾರದ ಕಬ್ಬಿಣದ ಡಬ್ಬ, ವರ್ಷಗಟ್ಟಲೆ ದುಡಿದರೂ ದಣಿಯದ ಪವರ್ ಸಪ್ಲೈ. ನಾನು ಅದನ್ನು ಬಿಡದೇ ಇಟ್ಟುಕೊಂಡಿದ್ದಕ್ಕೆ ಮುಖ್ಯ ಕಾರಣ, ಅದರ ಬೋರ್ಡಿನಲ್ಲಿ ಹಳೇ ಕಾಲದ ಪಿಸಿಐ ಸ್ಲಾಟು, ಅಂದರೆ ಕಾರ್ಡು ಸಿಕ್ಕಿಸುವ ಜಾಗ, ಎರಡು ಉಳಿದುಕೊಂಡಿದ್ದು. ಒಂದರಲ್ಲಿ ನನ್ನ ಸೌಂಡ್ ಕಾರ್ಡು ಕೂತಿತ್ತು. ಹಳೇದಾದರೂ ಅದರಿಂದ ಬರುವ ರೆಕಾರ್ಡಿಂಗ್ ಬಲು ಶುದ್ಧ. ಲಿನಕ್ಸ್ ಹಾಕಿಕೊಂಡು, ಆ ಕಾರ್ಡಿಗಾಗಿಯೇ ಈ ಯಂತ್ರವನ್ನು ಸಾಕುತ್ತಿದ್ದೆ ಅಂದರೂ ತಪ್ಪಿಲ್ಲ.

ಮೌಸು ಬದಲಾಯಿಸಿ ನೋಡಿದೆ. ಹೊಸದೂ ಕುಂಟಿತು. ಹಿಂದಿನ ಬೇರೆ ಯುಎಸ್‌ಬಿ ಪೋರ್ಟಿಗೆ ಚುಚ್ಚಿದೆ. ಸರಾಗವಾಗಿ ಓಡಿತು! ಹಾರ್ಡ್‌ವೇರ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಮಾಡಿ ಹೇಳಿದರೆ, "ಪೋರ್ಟ್ ಹೋಗಿದೆ ಅಷ್ಟೇ ಮಾರಾಯ, ಆ ಪೋರ್ಟ್ ಬಿಟ್ಟು ಇನ್ನೊಂದರಲ್ಲಿ ಹಾಕ್ಕೋ" ಅಂದ. ಕೆಲಸ ನಡೆದರೆ ಸಾಕು ಅನ್ನುವವರಿಗೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಆದರೆ ಪೋರ್ಟು ಹಾಳಾಗಿದ್ದರೆ ರೀಸ್ಟಾರ್ಟ್ ಮಾಡಿದ ತಕ್ಷಣ ಅದೇ ಪೋರ್ಟು ಸರಿಯಾಗೋದು ಯಾಕೆ? ಇನ್ನೊಂದು ವಿಷಯವೂ ಕಾಡುತ್ತಿತ್ತು. ಮೌಸು ಕುಂಟುವಾಗಲೂ ಕೀಬೋರ್ಡು ಚುರುಕಾಗಿಯೇ ಇತ್ತು. ಅದು ಹಳೇ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡು. ಯುಎಸ್‌ಬಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಂದರೆ ಪ್ರೊಸೆಸರ್ ಸುಸ್ತಾಗಿಲ್ಲ. ಪ್ರೊಸೆಸರಿಗೆ ಸುದ್ದಿ ಮುಟ್ಟಿಸುವ ದಾರಿಗಳಲ್ಲಿ ಒಂದು ಮಾತ್ರ ಕಟ್ಟಿಕೊಂಡಿದೆ.

ಆ ಸುದ್ದಿಗೇ ಇಂಟರಪ್ಟ್ ಅನ್ನೋದು. ಮೌಸು ಸರಿದಾಗ, ಡಿಸ್ಕಿನಿಂದ ಡೇಟಾ ಬಂದಾಗ, ಸೌಂಡ್ ಕಾರ್ಡು ಧ್ವನಿಯನ್ನು ತಾತ್ಕಾಲಿಕವಾಗಿ ಕೂಡಿಡುವ ಬಫರ್ ತುಂಬಿದಾಗ ಆಯಾ ಸಾಧನ ಪ್ರೊಸೆಸರನ್ನು ಎಚ್ಚರಿಸುತ್ತದೆ. ಪ್ರೊಸೆಸರ್ ಮಾಡುತ್ತಿದ್ದ ಕೆಲಸ ನಿಲ್ಲಿಸಿ, ಆ ಸಾಧನವನ್ನು ನಡೆಸುವ ಪ್ರೋಗ್ರಾಮನ್ನು, ಅಂದರೆ ಡ್ರೈವರನ್ನು ಕರೆದು, ಅದು ಮುಗಿದ ಮೇಲೆ ಹಳೇ ಕೆಲಸಕ್ಕೆ ವಾಪಸ್ ಹೋಗುತ್ತದೆ.

ಪ್ರೊಸೆಸರಿನ ಸಮಯ ಎಲ್ಲೆಲ್ಲಿ ಹೋಗುತ್ತಿದೆ ಅಂತ ತೋರಿಸುವ ಟಾಪ್ ಅನ್ನುವ ಕಮಾಂಡು ತೆರೆದು ನೋಡಿದೆ. ಅದರಲ್ಲಿ ಹಾರ್ಡ್‌ವೇರ್ ಇಂಟರಪ್ಟ್‌ಗೆ ಎಷ್ಟು ಸಮಯ ಹೋಗುತ್ತಿದೆ ಅಂತ ತೋರಿಸುವ ಒಂದು ಅಂಕಿ ಇರುತ್ತದೆ, ಸಾಫ್ಟ್ ಇಂಟರಪ್ಟ್‌ಗೆ ಇನ್ನೊಂದು. ಎರಡೂ ಸೊನ್ನೆಯ ಹತ್ತಿರ. ಪ್ರೊಸೆಸರ್ ಆರಾಮಾಗಿ ಕೂತಿದೆ, ಮೌಸು ಮಾತ್ರ ಕುಂಟುತ್ತಿದೆ. ವಿಂಡೋಸ್ ಬಳಸುವವರು ಟಾಸ್ಕ್ ಮ್ಯಾನೇಜರಿನಲ್ಲಿ ಸಿಸ್ಟಮ್ ಇಂಟರಪ್ಟ್ಸ್ ಅನ್ನುವ ಸಾಲು ನೋಡಿರುತ್ತೀರಿ. ಅದು ನಿಜವಾದ ಪ್ರೋಗ್ರಾಮ್ ಅಲ್ಲ, ಇಂಟರಪ್ಟ್‌ಗಳಿಗೆ ಹೋದ ಸಮಯದ ಲೆಕ್ಕ ಅಷ್ಟೇ. ಅದನ್ನು ಎಂಡ್ ಟಾಸ್ಕ್ ಮಾಡೋಕೆ ಹೋಗಿ ಪ್ರಯೋಜನವಿಲ್ಲ. ಅಲ್ಲಿ ಅಂಕಿ ಸದಾ ಮೇಲಿದ್ದರೆ ಕಳ್ಳ ಇನ್ನೂ ಮನೆಯೊಳಗೇ ಇದ್ದಾನೆ ಅಂತ ಅರ್ಥ. ನನ್ನ ಯಂತ್ರದಲ್ಲಿ ಹಾಗೂ ಇರಲಿಲ್ಲ.

ಹಾಗಾಗಿ ಆ ಒಂದೆರಡು ಕ್ಷಣದ ಸ್ತಬ್ಧತೆಯನ್ನೇ ಹಿಡಿಯಬೇಕಿತ್ತು. ಯಂತ್ರದ ಆಗುಹೋಗುಗಳ ಅಂಕಿ ಕೊಡುವ ವಿಎಂಸ್ಟಾಟ್ ಕಮಾಂಡನ್ನು ಸೆಕೆಂಡಿಗೊಂದು ಸಾಲಿನಂತೆ ಫೈಲಿಗೆ ಬರೆಯಲು ಬಿಟ್ಟು, ಎಂದಿನಂತೆ ರೆಕಾರ್ಡಿಂಗ್ ಶುರು ಮಾಡಿದೆ. ಮೌಸು ಕುಂಟಿದ ಮೇಲೆ ಫೈಲು ತೆರೆದೆ. ಇಂಟರಪ್ಟ್ ಎಣಿಕೆಯ ಕಾಲಮ್ಮಿನಲ್ಲಿ ಸಾಲು ಸಾಲಾಗಿ ಸಣ್ಣಪುಟ್ಟ ಏರಿಳಿತದ ಅಂಕಿಗಳು. ನಡುವೆ ಒಂದು ಕಡೆ ಅಂಕಿ ಇದ್ದಕ್ಕಿದ್ದಂತೆ ಆರಂಕಿಗೆ ಹಾರಿದೆ. ಅದರ ಕೆಳಗೆ ಮತ್ತೆ ಮೊದಲಿನ ಹಾಗೆಯೇ, ಏನೂ ಆಗಿಲ್ಲ ಅನ್ನುವಂತೆ. ಬಿರುಗಾಳಿ ಬಂದು ಹೋಗಿದೆ. ನಾನು ಟಾಪ್ ತೆರೆಯುವ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತಿತ್ತು.

ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ನೋಡಿದರೆ ಅಲ್ಲಿ ಎಲ್ಲ ಬರೆದೇ ಇತ್ತು. 'ಐಆರ್‌ಕ್ಯೂ 16: ನೋಬಡಿ ಕೇರ್ಡ್'. ಅಂದರೆ 16ನೇ ಇಂಟರಪ್ಟ್ ಲೈನಿನ ಕರೆಗೆ ಯಾರೂ ಓಗೊಡಲಿಲ್ಲ. ಅದರ ಕೆಳಗೆ ಒಂದಷ್ಟು ಹೆಕ್ಸ್ ಅಂಕಿಗಳ ರಾಶಿ. ಕೊನೆಗೆ 'ಡಿಸೇಬ್ಲಿಂಗ್ ಐಆರ್‌ಕ್ಯೂ 16', ಆ ಲೈನನ್ನು ಮುಚ್ಚುತ್ತಿದ್ದೇನೆ ಅಂತ. ಈ ಎರಡು ಸಾಲಿನ ಹಿಂದೆ ಏನು ನಡೆದಿರುತ್ತದೆ ಅಂತ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದಿನ ಹುಡುಕಾಟವೆಲ್ಲ ಅದರ ಮೇಲೆಯೇ ನಿಂತಿದೆ.

1981ರ ಐಬಿಎಂ ಪಿಸಿಯಲ್ಲಿ ಇಂಟರಪ್ಟ್‌ಗೆ ಅಂತ ಇದ್ದದ್ದು 8 ಲೈನು, ಅವನ್ನು ನೋಡಿಕೊಳ್ಳಲು ಒಂದೇ ಒಂದು 8259 ಚಿಪ್ಪು. 1984ರ ಪಿಸಿ ಎಟಿಯಲ್ಲಿ ಇನ್ನೊಂದು ಚಿಪ್ ಜೋಡಿಸಿದರು. ಒಂದು ಲೈನು ಎರಡನ್ನೂ ಸೇರಿಸುವುದಕ್ಕೇ ಹೋಗಿ 15 ಉಳಿಯಿತು. ಆಮೇಲೆ ಪಿಸಿಐ ಬಂತು. ಸಾಧನಗಳು ಜಾಸ್ತಿ, ಲೈನು ಕಮ್ಮಿ. ಅದಕ್ಕೆ ಹಲವು ಸಾಧನಗಳು ಒಂದೇ ಲೈನನ್ನು ಹಂಚಿಕೊಳ್ಳುವ ಏರ್ಪಾಡು ಮಾಡಿದರು. ಐಒ ಎಪಿಕ್ ಅನ್ನುವ ಮುಂದಿನ ಪೀಳಿಗೆಯ ಚಿಪ್ಪಿನಲ್ಲಿ ಸಾಮಾನ್ಯವಾಗಿ 24 ಲೈನು ಇರುತ್ತವೆ. ಮೊದಲ 16 ಹಳೇ ಲೆಕ್ಕದ ಪ್ರಕಾರವೇ ನಡೆಯುತ್ತವೆ, 16ರಿಂದ 23ರವರೆಗಿನವು ಪಿಸಿಐ ಕಡೆಯವರಿಗೆ. ಹಳೇ ಯಂತ್ರಗಳಲ್ಲಿ ಈ ದೂರು ಬಂದಾಗೆಲ್ಲ ನಂಬರು 16, 17, 18 ಅಂತಲೇ ಕಾಣಿಸುವುದಕ್ಕೆ ಇದೇ ಕಾರಣ.

ಹಂಚಿಕೆಯ ಲೈನು ಕೆಲಸ ಮಾಡುವ ರೀತಿ ಹೀಗೆ. ನಾಲ್ಕು ಮನೆಗಳ ಬಾಗಿಲಲ್ಲಿ ನಾಲ್ಕು ಗುಂಡಿ, ಆದರೆ ಒಳಗೆ ಬಡಿಯುವ ಗಂಟೆ ಒಂದೇ ಅಂದುಕೊಳ್ಳಿ. ಗಂಟೆ ಬಡಿದರೆ ಯಾರ ಬಾಗಿಲು ಅಂತ ಗೊತ್ತಾಗೋದಿಲ್ಲ. ಕಾವಲುಗಾರ ಒಂದೊಂದೇ ಮನೆಗೆ ಹೋಗಿ ಕೇಳಬೇಕು. ಕರ್ನಲ್ ಮಾಡುವುದೂ ಅದನ್ನೇ. ಆ ಲೈನಿನಲ್ಲಿ ಹೆಸರು ಬರೆಸಿರುವ ಡ್ರೈವರುಗಳನ್ನೆಲ್ಲ ಸಾಲಾಗಿ ಕರೆಯುತ್ತದೆ. ಪ್ರತಿ ಡ್ರೈವರೂ ತನ್ನ ಸಾಧನವನ್ನು ನೋಡಿ "ನಂದೇ, ಮುಗಿಸಿದೆ" ಅಥವಾ "ನಂದಲ್ಲ" ಅನ್ನುತ್ತದೆ. ಕರೆದ ಸಾಧನ ತನ್ನ ಕೆಲಸವಾದ ಮೇಲೆ ಲೈನು ಬಿಡುತ್ತದೆ, ಗಂಟೆ ನಿಲ್ಲುತ್ತದೆ. ಬಿಡದಿದ್ದರೆ? ಪ್ರೊಸೆಸರ್ ವಾಪಸ್ ಹೋದ ಮರುಗಳಿಗೆಯೇ ಮತ್ತೆ ಇಂಟರಪ್ಟ್. ಮತ್ತೆ ಎಲ್ಲರನ್ನೂ ಕೇಳುವುದು. ಎಲ್ಲರೂ ಮತ್ತೆ "ನಂದಲ್ಲ". ಬೇರೆ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ.

ಇದು ಕೊನೆಯಿಲ್ಲದೆ ನಡೆಯಬಾರದು ಅಂತ ಲಿನಕ್ಸ್ ಕರ್ನಲ್ಲಿನಲ್ಲಿ ಒಂದು ಲೆಕ್ಕ ಇಟ್ಟಿದ್ದಾರೆ. ಒಂದು ಲೈನಿನ 1,00,000 ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಜಾಸ್ತಿ ಯಾರಿಗೂ ಸೇರದವು ಅಂತ ಆದರೆ, ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. ನನ್ನ ಲಾಗಿನ ಆ ಎರಡು ಸಾಲು ಬರುವುದು ಆಗಲೇ. ಮುಚ್ಚಿದ ಮೇಲೂ ಅಲ್ಲಿರುವ ಸಾಧನಗಳನ್ನು ಪೂರ್ತಿ ಕೈಬಿಡುವುದಿಲ್ಲ. ಸೆಕೆಂಡಿಗೆ ಸುಮಾರು 10 ಸಲ ತಾನಾಗಿಯೇ ಹೋಗಿ ಡ್ರೈವರುಗಳನ್ನು ವಿಚಾರಿಸಿಕೊಂಡು ಬರುತ್ತದೆ. ನನ್ನ ಮೌಸು ಕುಂಟುತ್ತಿದ್ದದ್ದು ಇದಕ್ಕೇ. ಪರದೆಯ ಬಾಣಕ್ಕೆ ಸೆಕೆಂಡಿಗೆ 10 ಹೆಜ್ಜೆ ಮಾತ್ರ ಸಿಗುತ್ತಿತ್ತು. ಪಿಎಸ್/2 ಕೀಬೋರ್ಡಿನದು 1ನೇ ಲೈನು, ಅದಕ್ಕೆ ಈ ಗಲಾಟೆಯ ಗಾಳಿಯೂ ಸೋಕಿರಲಿಲ್ಲ.

ಇನ್ನು 16ನೇ ಲೈನಿನಲ್ಲಿ ಯಾರಿದ್ದಾರೆ ಅಂತ ನೋಡಬೇಕಲ್ವಾ? ಕರ್ನಲ್ ತನ್ನ ಒಳಗಿನ ಲೆಕ್ಕ ತೋರಿಸುವ ಪ್ರೋಕ್ ಫೋಲ್ಡರಿನಲ್ಲಿ ಇಂಟರಪ್ಟ್ಸ್ ಅನ್ನುವ ಫೈಲಿದೆ. ಪ್ರತಿ ಲೈನಿಗೂ ಒಂದು ಸಾಲು, ಪ್ರತಿ ಪ್ರೊಸೆಸರ್ ಕೋರಿಗೂ ಒಂದು ಎಣಿಕೆ, ಸಾಲಿನ ಕೊನೆಗೆ ಡ್ರೈವರುಗಳ ಹೆಸರು. ಮೊದಲ ಸಲ ನೋಡುವವರು ಕೆಳಗಿನ ಎಲ್‌ಒಸಿ, ಆರ್‌ಇಎಸ್ ಸಾಲುಗಳ ದೊಡ್ಡ ದೊಡ್ಡ ಅಂಕಿ ಕಂಡು ಗಾಬರಿಯಾಗುತ್ತಾರೆ. ಅವು ಪ್ರೊಸೆಸರಿನ ಟೈಮರು ಮತ್ತು ಕೋರುಗಳು ತಮ್ಮತಮ್ಮಲ್ಲಿ ಕಳಿಸಿಕೊಳ್ಳುವ ಸಂದೇಶಗಳು. ಬಿಡಿ, ಅವು ಹಾಗೇ ಇರುತ್ತವೆ. ನನ್ನ 16ನೇ ಸಾಲಿನ ಕೊನೆಗೆ ಎರಡು ಹೆಸರಿದ್ದವು: ಒಂದು ಯುಎಸ್‌ಬಿ ಕಂಟ್ರೋಲರಿನ ಇಎಚ್‌ಸಿಐ ಡ್ರೈವರು, ಇನ್ನೊಂದು ಸೌಂಡ್ ಕಾರ್ಡಿನದು. ಬೋರ್ಡಿನ ಇನ್ನೊಂದು ಯುಎಸ್‌ಬಿ ಕಂಟ್ರೋಲರು 23ನೇ ಲೈನಿನಲ್ಲಿತ್ತು. ಬೇರೆ ಪೋರ್ಟಿಗೆ ಹಾಕಿದಾಗ ಮೌಸು ಚೇತರಿಸಿಕೊಂಡದ್ದು ಯಾಕೆ ಅನ್ನುವುದಕ್ಕೂ ಉತ್ತರ ಸಿಕ್ಕಿತು.

ಈ ಪಟ್ಟಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಅಲ್ಲಿರುವುದು ಗಂಟೆ ಬಡಿದರೆ ಎದ್ದು ಬರುವವರ ಹೆಸರು. ಬಡಿದವರ ಹೆಸರಲ್ಲ. ಡ್ರೈವರೇ ಇಲ್ಲದ ಕಾರ್ಡು ಲೈನನ್ನು ಎಳೆದು ಹಿಡಿದರೆ ಅದರ ಹೆಸರು ಈ ಪಟ್ಟಿಯಲ್ಲಿ ಬರುವುದೇ ಇಲ್ಲ. ಲಾಗಿನಲ್ಲೂ ಹ್ಯಾಂಡ್ಲರ್ಸ್ ಅಂತ ಅಚ್ಚಾಗುವುದು ಇದೇ ಹೆಸರುಗಳು. ಅದನ್ನು ನೋಡಿ 'ಯುಎಸ್‌ಬಿ ಕೆಟ್ಟಿದೆ' ಅಂತ ತೀರ್ಪು ಕೊಡುವುದು, ಜಗಳ ಬಿಡಿಸಲು ಬಂದವರನ್ನೇ ಹಿಡಿದುಕೊಂಡು ಹೋದ ಹಾಗೆ.

ಮೊದಲು ಡ್ರೈವರುಗಳನ್ನು ಒಂದೊಂದಾಗಿ ತೆಗೆದು ನೋಡೋಣ ಅಂತ ಹೊರಟೆ. ಮೌಸು ಕುಂಟುತ್ತಿರುವಾಗ ಯುಎಸ್‌ಬಿ ಡ್ರೈವರನ್ನು ಅನ್‌ಬೈಂಡ್ ಮಾಡಿ, ಅಂದರೆ ಕಂಟ್ರೋಲರಿನಿಂದ ಕಳಚಿ, ಮತ್ತೆ ಬೈಂಡ್ ಮಾಡಿದೆ. ಮೌಸು ಸರಿಯಾಯಿತು. ಅಂದರೆ ಯುಎಸ್‌ಬಿಯೇ ಕಳ್ಳ? ಇನ್ನೊಮ್ಮೆ ಕೆಟ್ಟಾಗ ಯುಎಸ್‌ಬಿಯನ್ನು ಮುಟ್ಟದೆ ಸೌಂಡ್ ಕಾರ್ಡಿನ ಡ್ರೈವರನ್ನು ಮಾತ್ರ ತೆಗೆದು ಮತ್ತೆ ಹಾಕಿದೆ. ಆಗಲೂ ಮೌಸು ಸರಿಯಾಯಿತು! ಇದು ಬಹಳ ಜನರ ದಾರಿ ತಪ್ಪಿಸುವ ಜಾಗ. ಮುಚ್ಚಿದ ಲೈನಿನಲ್ಲಿ ಯಾವುದಾದರೂ ಡ್ರೈವರು ಹೊಸದಾಗಿ ಹೆಸರು ಬರೆಸಿದರೆ ಕರ್ನಲ್ 'ಸರಿ, ಇನ್ನೊಂದು ಅವಕಾಶ' ಅಂತ ಲೈನು ತೆರೆಯುತ್ತದೆ. ಯಾರು ಬರೆಸಿದರು ಅನ್ನುವುದು ಅದಕ್ಕೆ ಬೇಕಿಲ್ಲ. ಆದ್ದರಿಂದ ಯಾವ ಡ್ರೈವರನ್ನು ರೀಲೋಡ್ ಮಾಡಿದರೂ ಗುಣವಾಗುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಇಷ್ಟರಿಂದ ಒಂದು ಸುಳಿವು ಮಾತ್ರ ಸಿಕ್ಕಿತು. ತೆರೆದ ತಕ್ಷಣ ಮತ್ತೆ ಬಿರುಗಾಳಿ ಏಳಲಿಲ್ಲ. ಲೈನು ಶಾಶ್ವತವಾಗಿ ಅಂಟಿಕೊಂಡಿಲ್ಲ. ಯಾವಾಗಲೋ ಅಂಟಿಕೊಳ್ಳುತ್ತದೆ, ತಾನಾಗಿಯೇ ಬಿಡಿಸಿಕೊಂಡಿರುತ್ತದೆ. ಪೂರ್ತಿ ಸತ್ತ ಹಾರ್ಡ್‌ವೇರ್ ಹೀಗೆ ಮಾಡುವುದಿಲ್ಲ.

ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡನ್ನು ವಿವರವಾಗಿ ತೋರಿಸು ಅಂತ ಕೇಳಿದರೆ ಪ್ರತಿ ಸಾಧನದ ಸ್ಟೇಟಸ್ ಸಾಲಿನಲ್ಲಿ ಐಎನ್‌ಟಿಎಕ್ಸ್ ಅಂತ ಒಂದು ಪದ ಬರುತ್ತದೆ. ಮುಂದೆ ಪ್ಲಸ್ ಇದ್ದರೆ ಆ ಸಾಧನ ಈಗ ಲೈನು ಎಳೆಯುತ್ತಿದೆ, ಮೈನಸ್ ಇದ್ದರೆ ಇಲ್ಲ. ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಆದರೆ ಅದರಲ್ಲೂ ಒಂದು ತೊಡಕಿದೆ. ಆ ಬಿಟ್ ಪಿಸಿಐ ನಿಯಮಾವಳಿಗೆ ಸೇರಿದ್ದು 2.3 ಆವೃತ್ತಿಯಲ್ಲಿ, 2002ರಲ್ಲಿ. ಅದಕ್ಕೆ ಮುಂಚಿನ ಚಿಪ್ಪುಗಳಲ್ಲಿ ಆ ಬಿಟ್ ಇಲ್ಲ, ಏನೇ ನಡೆದರೂ ಮೈನಸ್ಸೇ ಕಾಣಿಸುತ್ತದೆ. ನನ್ನ ಸೌಂಡ್ ಕಾರ್ಡಿನ ಚಿಪ್ಪು ಆ ಹಳೇ ಪೈಕಿ. ಯುಎಸ್‌ಬಿ ಕಂಟ್ರೋಲರು ಮೈನಸ್ ತೋರಿಸಿತು, ಅದನ್ನು ನಂಬಬಹುದು. ಸೌಂಡ್ ಕಾರ್ಡೂ ಮೈನಸ್ ತೋರಿಸಿತು, ಅದನ್ನು ನಂಬುವ ಹಾಗಿಲ್ಲ. ಅನುಮಾನ ಅಲ್ಲಿಗೆ ಕಾರ್ಡಿನ ಕಡೆ ವಾಲಿತು.

ನಡುವೆ ಮಾಡಿದ ಇತರ ಸಾಹಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬಯಾಸ್ ಅಪ್‌ಡೇಟ್ ಮಾಡಿದ್ದರಿಂದ ಏನೂ ಬದಲಾಗಲಿಲ್ಲ. ಮೆಮೊರಿ ಟೆಸ್ಟು ರಾತ್ರಿಯೆಲ್ಲ ಓಡಿ ತಪ್ಪಿಲ್ಲ ಅಂದಿತು. ಬೋರ್ಡಿನ ಬಟನ್ ಬ್ಯಾಟರಿ ಬದಲಿಸಿದೆ, ಅದು ಹೇಗೂ ಮಾಡಬೇಕಾಗಿತ್ತು. 9ನೇ ಲೈನಿನ ಎಸಿಪಿಐ (ಪವರ್ ನಿರ್ವಹಣೆ) ಎಣಿಕೆಯನ್ನೂ ನೋಡಿದೆ. ಲ್ಯಾಪ್‌ಟಾಪುಗಳಲ್ಲಿ ಕಾರಣವಿಲ್ಲದೆ ಪ್ರೊಸೆಸರ್ ಬಿಸಿಯಾದರೆ ಮೊದಲು ಇಣುಕಬೇಕಾದ ಜಾಗ ಅದು. ಎಸಿಪಿಐ ಇಂಟರಪ್ಟ್ಸ್ ಫೋಲ್ಡರಿನಲ್ಲಿ ಜಿಪಿಇ ಅನ್ನುವ ಫೈಲುಗಳಿರುತ್ತವೆ, ಯಾವುದೋ ಒಂದರ ಎಣಿಕೆ ಲಕ್ಷಗಟ್ಟಲೆ ಏರಿದ್ದರೆ ಅದೇ ತಂಟೆಕೋರ. ನನ್ನಲ್ಲಿ ಎಲ್ಲ ಶಾಂತವಾಗಿದ್ದವು.

ಲಾಗಿನ ಆ ಸಾಲೇ ಒಂದು ಸಲಹೆಯನ್ನೂ ಕೊಡುತ್ತದೆ: ಐಆರ್‌ಕ್ಯೂಪೋಲ್ ಅನ್ನುವ ಆಯ್ಕೆಯೊಂದಿಗೆ ಬೂಟ್ ಮಾಡಿ ನೋಡಿ ಅಂತ. ಮಾಡಿದೆ. ಇಂಟರಪ್ಟ್ ತಪ್ಪಾದ ಲೈನಿನಲ್ಲಿ ಬರುತ್ತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಆಗ ಕರ್ನಲ್ ಬೇರೆ ಲೈನುಗಳ ಡ್ರೈವರುಗಳನ್ನೂ ಪದೇ ಪದೇ ಕೇಳುತ್ತಾ ಹೋಗುತ್ತದೆ. ನನ್ನ ಯಂತ್ರದಲ್ಲಿ ಆದದ್ದು ಇಷ್ಟೇ: ರೆಕಾರ್ಡಿಂಗಿನಲ್ಲಿ ಚಟಪಟ ಸದ್ದು ಸೇರಿಕೊಂಡಿತು, ರೋಗ ಹಾಗೇ ಉಳಿಯಿತು. ತೆಗೆದು ಹಾಕಿದೆ. ನನ್ನ ಪ್ರಕಾರ ಆ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬಾರದು. ಸದ್ದು ಎಲ್ಲಿಂದ ಅಂತ ತಿಳಿಯದೆ ಕಿವಿಗೆ ಹತ್ತಿ ಇಟ್ಟುಕೊಂಡರೆ ಏನು ಬಂತು?

ಕೆಲಸಕ್ಕೆ ಬಂದದ್ದು ಸೌಂಡ್ ಕಾರ್ಡಿನ ಬಫರು. ಸೌಂಡ್ ಕಾರ್ಡು ಧ್ವನಿಯ ಎಷ್ಟು ಮಾದರಿಗಳಿಗೊಮ್ಮೆ (ಸ್ಯಾಂಪಲ್‌ಗಳಿಗೊಮ್ಮೆ) ಇಂಟರಪ್ಟ್ ಕೊಡಬೇಕು ಅನ್ನುವುದನ್ನು ನಾವೇ ಹೇಳಬಹುದು. ಸೆಕೆಂಡಿಗೆ 48,000 ಮಾದರಿಯ ರೆಕಾರ್ಡಿಂಗಿನಲ್ಲಿ 1,024ಕ್ಕೊಮ್ಮೆ ಅಂದರೆ ಸೆಕೆಂಡಿಗೆ ಸುಮಾರು 47 ಇಂಟರಪ್ಟ್. 64ಕ್ಕೊಮ್ಮೆ ಅಂದರೆ 750. ನಾನು ಯಾವಾಗಲೂ ದೊಡ್ಡ ಬಫರನ್ನೇ ಇಡುತ್ತಿದ್ದೆ. ಒಟ್ಟು ಬಫರ್ 8,192 ಮಾದರಿಯದ್ದಾದರೆ ಅದರಲ್ಲಿ ಸುಮಾರು 170 ಮಿಲಿಸೆಕೆಂಡಿನ ಧ್ವನಿ ಹಿಡಿಯುತ್ತದೆ. ಲೈನು ಮುಚ್ಚಿ, 100 ಮಿಲಿಸೆಕೆಂಡಿಗೊಮ್ಮೆ ವಿಚಾರಿಸುವ ಸ್ಥಿತಿ ಬಂದಾಗಲೂ ರೆಕಾರ್ಡಿಂಗ್ ಕೆಡದೆ ಉಳಿದದ್ದು ಇದರಿಂದಲೇ. ರೆಕಾರ್ಡಿಂಗು ಕೆಟ್ಟಿದ್ದರೆ ನಾನು ಮೊದಲ ದಿನವೇ ಸೌಂಡ್ ಕಾರ್ಡಿನ ಕಡೆ ತಿರುಗುತ್ತಿದ್ದೆ. ಅದು ಚೆನ್ನಾಗಿ ನಡೆಯುತ್ತಿತ್ತು, ಹಾಗಾಗಿ ದೂರೆಲ್ಲ ಮೌಸಿನ ತಲೆಗೆ ಬಂತು.

ಈಗ ಬೇಕಂತಲೇ 64ಕ್ಕೆ ಇಳಿಸಿದೆ. ಜೊತೆಗೆ ಪ್ರೋಕ್ ಫೋಲ್ಡರಿನ ಐಆರ್‌ಕ್ಯೂ 16ರೊಳಗಿರುವ ಸ್ಪ್ಯೂರಿಯಸ್ ಅನ್ನುವ ಪುಟ್ಟ ಫೈಲನ್ನು ಪಕ್ಕದ ವಿಂಡೋದಲ್ಲಿ ಸೆಕೆಂಡಿಗೊಮ್ಮೆ ಓದುವ ಹಾಗೆ ಮಾಡಿದೆ. ಈ ಫೈಲಿನ ಬಗ್ಗೆ ಯಾರೂ ಅಷ್ಟಾಗಿ ಹೇಳುವುದಿಲ್ಲ, ಆದರೆ ಚಿನ್ನದಂಥ ಫೈಲು. ಅದರಲ್ಲಿ ಮೂರೇ ಸಾಲು: ಎಣಿಕೆ ಎಷ್ಟು, ಯಾರಿಗೂ ಸೇರದವು ಎಷ್ಟು, ಅಂಥದ್ದು ಕೊನೆಯ ಸಲ ಬಂದದ್ದು ಯಾವಾಗ. ಮೊದಲ ಸಾಲು ಓಡುತ್ತಿತ್ತು, ಎರಡನೆಯದು ಸೊನ್ನೆಯಲ್ಲಿ ನಿಂತಿತ್ತು. ಟೀ ಕುಡಿದು ಬರುವಷ್ಟರಲ್ಲಿ ಬಿರುಗಾಳಿ ಎದ್ದು ಮುಗಿದಿತ್ತು. ದೊಡ್ಡ ಬಫರಿನಲ್ಲಿ ಗಂಟೆಗಟ್ಟಲೆ ಕಾಯಬೇಕಾಗಿದ್ದದ್ದು ಸಣ್ಣ ಬಫರಿನಲ್ಲಿ ಬೇಗಬೇಗ ಬರತೊಡಗಿತು. ಸೌಂಡ್ ಕಾರ್ಡು ಎಷ್ಟು ಜಾಸ್ತಿ ಕರೆಯುತ್ತದೋ ಅಷ್ಟು ಬೇಗ ಲೈನು ಅಂಟಿಕೊಳ್ಳುತ್ತದೆ. ರೆಕಾರ್ಡಿಂಗ್ ಇಲ್ಲದಾಗ ಮೌಸನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ಯುಎಸ್‌ಬಿ ಕಂಟ್ರೋಲರಿನ ಮೇಲಿದ್ದ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಮುಂದೆ ಕಾರ್ಡನ್ನು ಪಕ್ಕದ ಸ್ಲಾಟಿಗೆ ಬದಲಿಸಿದೆ. ಪಿಸಿಐ ಕಾರ್ಡಿಗೆ ಎ, ಬಿ, ಸಿ, ಡಿ ಅಂತ ನಾಲ್ಕು ಇಂಟರಪ್ಟ್ ಪಿನ್ನುಗಳ ಅವಕಾಶ ಇದೆ. ಆದರೆ ಮುಕ್ಕಾಲು ಪಾಲು ಕಾರ್ಡುಗಳು ಎ ಪಿನ್ ಒಂದನ್ನೇ ಬಳಸುತ್ತವೆ. ಎಲ್ಲರೂ ಒಂದೇ ಲೈನಿಗೆ ಮುಗಿಬೀಳಬಾರದು ಅಂತ ಬೋರ್ಡಿನಲ್ಲಿ ಸ್ಲಾಟಿನಿಂದ ಸ್ಲಾಟಿಗೆ ಪಿನ್ನುಗಳ ಜೋಡಣೆಯನ್ನು ಒಂದೊಂದು ಮನೆ ಸರಿಸಿರುತ್ತಾರೆ. ಅದರಿಂದಾಗಿ ಸ್ಲಾಟು ಬದಲಿಸಿದ ಕೂಡಲೇ ನನ್ನ ಕಾರ್ಡು 16ರಿಂದ 17ಕ್ಕೆ ಹೋಯಿತು. ಅಲ್ಲಿ ಅದು ಒಂಟಿ. ಸಣ್ಣ ಬಫರಿನ ರೆಕಾರ್ಡಿಂಗ್ ಹಚ್ಚಿದೆ. ಮೌಸು ಕೊನೆಯವರೆಗೂ ಸರಾಗ. ಆದರೆ ಲಾಗಿನಲ್ಲಿ ಈಗ ಅದೇ ಮಾತು 17ನೇ ಲೈನಿನ ಹೆಸರಿನಲ್ಲಿ ಬಂತು. ಹ್ಯಾಂಡ್ಲರ್ ಒಂದೇ ಒಂದು, ಸೌಂಡ್ ಕಾರ್ಡಿನದು. ಮೌಸು ಪಾರಾಯಿತು, ಈ ಸಲ ಧ್ವನಿಯೇ ತುಂಡು ತುಂಡಾಯಿತು.

"ಇನ್ನೇನು ಬೇಕು? ಕಾರ್ಡೇ ಕೆಟ್ಟಿದೆ" ಅಂದ ಗೆಳೆಯ. ನೋಡಿದರೆ ಹಾಗೇ ಕಾಣುತ್ತದೆ, ಅಲ್ವಾ? ಆದರೆ ಒಂದು ಮಾತು ಹೊಂದುತ್ತಿರಲಿಲ್ಲ. ಕಾರ್ಡೇ ಲೈನು ಹಿಡಿದುಕೊಂಡು ಕೂತಿದ್ದರೆ ಅದರ ಒಳಗಿನ ರಿಜಿಸ್ಟರಿನಲ್ಲಿ 'ಇಂಟರಪ್ಟ್ ಬಾಕಿ ಇದೆ' ಅನ್ನುವ ಗುರುತು ಇರಬೇಕು. ಡ್ರೈವರು ನೋಡುವುದು ಅದನ್ನೇ. ಅದು ಇದ್ದರೆ ಡ್ರೈವರು "ನಂದೇ" ಅನ್ನುತ್ತಿತ್ತು, "ನಂದಲ್ಲ" ಅನ್ನುತ್ತಿರಲಿಲ್ಲ. ಡ್ರೈವರು ಲಕ್ಷ ಸಲ ನೋಡಿ ಲಕ್ಷ ಸಲವೂ ಕಾರ್ಡು ಶಾಂತವಾಗಿದೆ ಅಂತ ಸಾಕ್ಷಿ ಹೇಳುತ್ತಿದೆ. ಆದರೂ ಪ್ರೊಸೆಸರಿನ ಕಡೆ ಗಂಟೆ ನಿಂತಿಲ್ಲ. ಹಾಗಾದರೆ ಕಾರ್ಡಿಗೂ ಪ್ರೊಸೆಸರಿಗೂ ನಡುವೆ ಯಾರಿದ್ದಾರೆ?

ಎಲ್‌ಎಸ್‌ಪಿಸಿಐಯನ್ನು ಮರದ ಆಕಾರದಲ್ಲಿ ತೋರಿಸು ಅಂದೆ. ಕೊಂಬೆಯ ತುದಿಯಲ್ಲಿ ಸೌಂಡ್ ಕಾರ್ಡು. ಅದು ನೇತಾಡುತ್ತಿದ್ದದ್ದು ಬೋರ್ಡಿನ ಮುಖ್ಯ ಚಿಪ್ಪಾದ ಚಿಪ್‌ಸೆಟ್ಟಿನಿಂದ ಅಲ್ಲ. ನಡುವೆ ಒಂದು ಪಿಸಿಐ ಎಕ್ಸ್‌ಪ್ರೆಸ್ ಟು ಪಿಸಿಐ ಬ್ರಿಡ್ಜ್ ಚಿಪ್ಪು, ಅಂದರೆ ಹೊಸ ಪಿಸಿಐ ಎಕ್ಸ್‌ಪ್ರೆಸ್‌ಗೂ ಹಳೇ ಪಿಸಿಐಗೂ ನಡುವಿನ ಸೇತುವೆ. ಡಬ್ಬದ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಎರಡು ಬಿಳಿ ಪಿಸಿಐ ಸ್ಲಾಟುಗಳ ತಲೆಯ ಹತ್ತಿರ, ಕಿರುಬೆರಳಿನ ಉಗುರಿನಷ್ಟು ಚೌಕ ಚಿಪ್ಪು, ಮೈಮೇಲೆ ಧೂಳು. ಈ ಬೋರ್ಡು ಬರುವ ಹೊತ್ತಿಗೆ ಹಲವು ಚಿಪ್‌ಸೆಟ್ಟುಗಳಿಂದ ಪಿಸಿಐ ಮಾಯವಾಗಿತ್ತು. ಹಳೇ ಕಾರ್ಡಿದ್ದವರಿಗೆ ಅನುಕೂಲವಾಗಲಿ ಅಂತ ಬೋರ್ಡಿನ ಕಂಪನಿಗಳು ಇಂಥ ಬ್ರಿಡ್ಜ್ ಹಾಕಿ ಸ್ಲಾಟು ಕೊಡುತ್ತಿದ್ದವು.

ಈ ಚಿಪ್ಪಿನ ಕೆಲಸ ನೋಡಿ. ಹಳೇ ಪಿಸಿಐಯಲ್ಲಿ ಇಂಟರಪ್ಟ್ ಅಂದರೆ ನಿಜವಾದ ತಂತಿ. ಕಾರ್ಡು ತಂತಿಯ ವೋಲ್ಟೇಜನ್ನು ಕೆಳಗೆ ಎಳೆದರೆ ಕರೆ, ಬಿಟ್ಟರೆ ಕರೆ ಮುಗಿಯಿತು. ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಅಂಥ ತಂತಿ ಇಲ್ಲ. ಅದರ ಬದಲು ಎರಡು ಸಂದೇಶ. ತಂತಿ ಕೆಳಗಿಳಿದಾಗ 'ಅಸರ್ಟ್', ಮೇಲೆದ್ದಾಗ 'ಡಿ-ಅಸರ್ಟ್'. ತಂತಿಯನ್ನು ನೋಡುತ್ತಾ ಕೂತು ಈ ಎರಡು ಸಂದೇಶ ಕಳಿಸುವುದು ಬ್ರಿಡ್ಜಿನ ಜವಾಬ್ದಾರಿ. ಎರಡನೆಯ ಸಂದೇಶ ಒಂದೇ ಒಂದು ಸಲ ತಪ್ಪಿಹೋದರೆ ಸಾಕು. ಕಾರ್ಡು ಸುಮ್ಮನಾಗಿರುತ್ತದೆ, ತಂತಿಯೂ ಮೇಲೆದ್ದಿರುತ್ತದೆ. ಚಿಪ್‌ಸೆಟ್ ಮಾತ್ರ ಗಂಟೆ ಇನ್ನೂ ಬಡಿಯುತ್ತಿದೆ ಅಂತಲೇ ನಂಬಿರುತ್ತದೆ. ಕಾರ್ಡು ಇನ್ನೊಮ್ಮೆ ಕರೆದು, ಇನ್ನೊಮ್ಮೆ ಬಿಟ್ಟು, ಆ ಸಲದ ಡಿ-ಅಸರ್ಟ್ ಸರಿಯಾಗಿ ತಲುಪುವವರೆಗೂ ಅದು ಹಾಗೇ. ಲೈನು ತಾನಾಗಿ ಬಿಡಿಸಿಕೊಳ್ಳುತ್ತಿದ್ದದ್ದು ಹೇಗೆ ಅನ್ನುವುದಕ್ಕೂ ಇದರಲ್ಲೇ ಉತ್ತರವಿತ್ತು. 750 ಸಲ ಕರೆದರೆ 750 ಸಲ ತಪ್ಪುವ ಅವಕಾಶ ಅನ್ನುವುದೂ ಕೂಡಿಬಂತು. ಯುಎಸ್‌ಬಿ, ಸೌಂಡ್ ಕಾರ್ಡು, ಎರಡೂ ಡ್ರೈವರುಗಳು ಹೇಳಿದ್ದು ನಿಜ. ಬ್ರಿಡ್ಜಿನ ಹೆಸರು ಮಾತ್ರ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಊಹೆ ಚೆನ್ನಾಗಿದ್ದರೆ ಸಾಲದು. ಗೆಳೆಯನ ಹತ್ತಿರ ಇನ್ನೂ ಹಳೇ ಡೆಸ್ಕ್‌ಟಾಪೊಂದಿತ್ತು. ಅದರ ಚಿಪ್‌ಸೆಟ್ಟಿನಲ್ಲೇ ಪಿಸಿಐ ಇದೆ, ನಡುವೆ ಬೇರೆ ಚಿಪ್ಪಿಲ್ಲ. ನನ್ನ ಸೌಂಡ್ ಕಾರ್ಡನ್ನು ಅದಕ್ಕೆ ಹಾಕಿ, 64ರ ಬಫರಿನಲ್ಲಿ ರಾತ್ರಿಯಿಡೀ ರೆಕಾರ್ಡಿಂಗ್ ಬಿಟ್ಟೆ. ಬೆಳಿಗ್ಗೆ ನೋಡಿದರೆ ಎಣಿಕೆ ಕೋಟಿ ದಾಟಿತ್ತು, ಯಾರಿಗೂ ಸೇರದವು ಸೊನ್ನೆ. ಅಲ್ಲಿಗೆ ಕಾರ್ಡು ನಿರ್ದೋಷಿ. ಇತ್ತ ನನ್ನ ವರ್ಕ್‌ಸ್ಟೇಷನ್ನಿನ ಖಾಲಿಯಾದ ಸ್ಲಾಟಿಗೆ ಗೆಳೆಯನ ಡಬ್ಬದಲ್ಲಿ ಬಿದ್ದಿದ್ದ ಪಿಸಿಐ ನೆಟ್‌ವರ್ಕ್ ಕಾರ್ಡೊಂದನ್ನು ಹಾಕಿ ದೊಡ್ಡ ದೊಡ್ಡ ಫೈಲು ಕಾಪಿ ಮಾಡಿದೆ. ಕಾಪಿ ಅರ್ಧಕ್ಕೆ ಬರುವ ಮೊದಲೇ ಲಾಗಿನಲ್ಲಿ ಅದೇ ಎರಡು ಸಾಲು. ಕಾರ್ಡು ಬೇರೆ, ಡ್ರೈವರು ಬೇರೆ, ಕೆಲಸ ಬೇರೆ. ಉಳಿದದ್ದು ಬ್ರಿಡ್ಜು ಒಂದೇ. "ಆಯ್ತಪ್ಪ, ಒಪ್ಪಿದೆ" ಅಂದ ಗೆಳೆಯ, ನೆಟ್‌ವರ್ಕ್ ಕಾರ್ಡನ್ನು ವಾಪಸ್ ಡಬ್ಬಕ್ಕೆ ಹಾಕುತ್ತಾ.

ಬೋರ್ಡಿಗೆ ಬೆಸೆದಿರುವ ಚಿಪ್ಪನ್ನು ಬದಲಿಸುವ ಹಾಗಿಲ್ಲ. ಕೆಲವು ದಿನ ತೇಪೆ ಹಾಕಿಕೊಂಡು ನಡೆಸಿದೆ. ಕಾರ್ಡು 17ರಲ್ಲೇ ಇರಲಿ ಅಂತ ಎರಡನೇ ಸ್ಲಾಟಿನಲ್ಲಿ ಬಿಟ್ಟೆ. ಬಫರ್ ದೊಡ್ಡದು ಮಾಡಿದೆ. ಲಾಗಿನಲ್ಲಿ ಆ ಸಾಲು ಕಂಡರೆ, ರೆಕಾರ್ಡಿಂಗ್ ನಡೆಯದ ಸಮಯ ನೋಡಿಕೊಂಡು ಡ್ರೈವರನ್ನು ತೆಗೆದು ಮತ್ತೆ ಹಾಕುವ ಒಂದು ಪುಟ್ಟ ಸ್ಕ್ರಿಪ್ಟು ಬರೆದೆ. ನಡೆಯಿತು, ಆದರೆ ಲೈವ್ ಕೇಳುತ್ತಾ ರೆಕಾರ್ಡ್ ಮಾಡುವ ಕೆಲಸಕ್ಕೆ ದೊಡ್ಡ ಬಫರು ಆಗಿಬರುವುದಿಲ್ಲ.

ಹೊಸ ಪಿಸಿಐ ಎಕ್ಸ್‌ಪ್ರೆಸ್ ಸೌಂಡ್ ಕಾರ್ಡು ತೆಗೆದುಕೊಳ್ಳೋಣ ಅಂತ ಹುಡುಕುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೊಸ ಸ್ಲಾಟಿಗೆ ಕೂರುವ ಕಾರ್ಡುಗಳಲ್ಲೂ ಕೆಲವು ಒಳಗೆ ಹಳೇ ಪಿಸಿಐ ಚಿಪ್ಪನ್ನೇ ಇಟ್ಟುಕೊಂಡು, ಪಕ್ಕದಲ್ಲೊಂದು ಬ್ರಿಡ್ಜ್ ಹಾಕಿಕೊಂಡಿರುತ್ತವೆ. ಎಲ್ಲ ಬ್ರಿಡ್ಜೂ ಕೆಟ್ಟದ್ದಲ್ಲ ನಿಜ, ಆದರೆ ಸುಟ್ಟ ಕೈ ನೋಡಿ. ಕೊಳ್ಳುವ ಮುಂಚೆ ಯಾರಾದರೂ ಆ ಕಾರ್ಡಿನ ಎಲ್‌ಎಸ್‌ಪಿಸಿಐ ಮರವನ್ನು ಹಂಚಿಕೊಂಡಿದ್ದರೆ ನೋಡುವುದು ಒಳ್ಳೆಯದು. ಜೊತೆಗೆ ಎಂಎಸ್‌ಐ ಇದೆಯಾ ಅಂತಲೂ ನೋಡಬೇಕು. ಎಂಎಸ್‌ಐ ಪದ್ಧತಿಯಲ್ಲಿ ಹಿಡಿದು ಬಿಡುವ ತಂತಿಯ ಮಾತೇ ಇಲ್ಲ. ಸಾಧನ ಒಂದು ವಿಳಾಸಕ್ಕೆ ಒಂದು ಅಂಕಿ ಬರೆಯುತ್ತದೆ, ಅದೇ ಇಂಟರಪ್ಟ್. ಲೈನು ಹಂಚಿಕೊಳ್ಳುವ ಪ್ರಮೇಯವೂ ಇಲ್ಲ, ಅಂಟಿಕೊಳ್ಳುವ ಪ್ರಮೇಯವೂ ಇಲ್ಲ. ಇಂಟರಪ್ಟ್ಸ್ ಫೈಲಿನಲ್ಲಿ ಅಂಥ ಸಾಧನದ ಸಾಲಿನಲ್ಲಿ ಐಒ ಎಪಿಕ್ ಬದಲು ಪಿಸಿಐ ಎಂಎಸ್‌ಐ ಅಂತ ಇರುತ್ತದೆ.

ಕೊನೆಗೆ ನಾನು ಬೇರೆ ದಾರಿ ಹಿಡಿದೆ. ಗೆಳೆಯನ ಆ ಡೆಸ್ಕ್‌ಟಾಪನ್ನೇ ಕೇಳಿ ತಂದೆ, ಸೌಂಡ್ ಕಾರ್ಡು ಈಗ ಅದರಲ್ಲೇ ಇದೆ, ಕ್ಯಾಸೆಟ್ಟಿನ ಕೆಲಸ ಅಲ್ಲೇ ನಡೆಯುತ್ತದೆ. ವರ್ಕ್‌ಸ್ಟೇಷನ್ನಿಗೆ ಯುಎಸ್‌ಬಿಯ ಆಡಿಯೋ ಇಂಟರ್‌ಫೇಸ್ ಒಂದನ್ನು ಹಾಕಿಕೊಂಡೆ. ಬ್ರಿಡ್ಜ್ ಚಿಪ್ಪು ಬೋರ್ಡಿನ ಮೇಲೆ ಹಾಗೇ ಇದೆ. ಹಿಂದೆ ಏನೂ ಜೋಡಿಸಿಲ್ಲವಾದ್ದರಿಂದ ಅದರ ತಂಟೆಯೂ ಇಲ್ಲ. ಮೌಸನ್ನು ಮತ್ತೆ ಅದೇ ಹಳೇ ಪೋರ್ಟಿಗೆ ಹಾಕಿದ್ದೇನೆ, 16ನೇ ಲೈನಿನ ಸ್ಪ್ಯೂರಿಯಸ್ ಫೈಲಿನಲ್ಲಿ ಎರಡನೇ ಸಾಲು ಸೊನ್ನೆಯೇ ಇದೆ. ಇನ್ನು 9ನೇ ಲೈನಿನ ಎಣಿಕೆ ದಿನಕ್ಕೆ ಒಂದಿಷ್ಟು ಏರುತ್ತಿರುತ್ತದೆ. ಅದು ಪವರ್ ಬಟನ್ನು, ಸ್ಲೀಪು ಇಂಥವುಗಳ ಲೆಕ್ಕ ಅನ್ನಿಸುತ್ತದೆ, ತೊಂದರೆ ಕೊಡದಿರುವವರೆಗೆ ಅದನ್ನು ಕೆದಕುವುದಿಲ್ಲ.